ಹಳೇ ಬೋಟ್ ತಗೊಳ್ಳೋ ಮುಂಚೆ ತಳ ನೋಡ್ಸಿ

ಮಾನ್ಯ ಸಂಪಾದಕರೇ,

ಸೆಕೆಂಡ್ ಹ್ಯಾಂಡ್ ಮೋಟಾರ್ ಯಾಟ್ (ಒಳಗೇ ರೂಮಿರೋ ಎಂಜಿನ್ ಬೋಟ್) ತಗೊಂಡು ಅದರಲ್ಲೇ ಮನೆ ಮಾಡ್ಕೊಳ್ಳೋ ಬಗ್ಗೆ ನಿಮ್ಮ ಲೇಖನ ಓದ್ದೆ, ಚೆನ್ನಾಗಿದೆ, ಆದ್ರೆ ಸೋಫಾ ಕರ್ಟನ್‌ಗೇ ಅರ್ಧ ಪುಟ ಹೋಗ್ಬಿಟ್ಟಿದೆ. ನಾನೂ ಒಂದು ತಗೊಂಡು ರಿಪೇರಿ ಮಾಡಿಸಿದೋನು, ಅದಕ್ಕೆ ಹೇಳ್ತಿದೀನಿ, ಬೋಟನ್ನ ನೀರಿಂದ ಮೇಲೆತ್ತಿಸಿ ಬೋಟ್ ತಪಾಸಣೆ ಮಾಡೋ ಸರ್ವೇಯರ್ ಕೈಲಿ ತಳ ನೋಡಿಸದೆ ದುಡ್ಡು ಬಿಚ್ಚಬೇಡಿ. ನಮ್ ಸರ್ವೇಯರ್ ಸಣ್ಣ ಸುತ್ತಿಗೆ ಹಿಡ್ಕೊಂಡು ಡೆಕ್ ಮೇಲೆಲ್ಲ ಟಕ್ ಟಕ್ ಅಂತ ಬಡೀತಾ ಹೋದ್ರು, ಕಂಬಿ ಬುಡದ ಹತ್ರ ಸದ್ದು ಡಬ್ ಅಂತ ಸತ್ತೋಯ್ತು, ಫೈಬರ್ ಒಳಗಿನ ಮರ ಸ್ಕ್ರೂ ತೂತಿಂದ ನೀರು ಕುಡಿದು ಕೊಳೆತೋಗಿತ್ತು, ಮೇಲ್ಗಡೆ ಮಾತ್ರ ಪೇಂಟ್ ಫಳಫಳ! ಎಂಜಿನ್ ಓಡಿದ್ದೇ ಕಮ್ಮಿ ಅಂತ ಮಾರೋರು ಹೇಳ್ತಾರೆ, ನಂಬ್ಕೊಂಡು ಕೂತ್ಕೋಬೇಡಿ, ವರ್ಷಗಟ್ಲೆ ಸುಮ್ನೆ ನಿಂತ ಬೋಟಲ್ಲಿ ಡೀಸೆಲ್ ಟ್ಯಾಂಕ್ ತಳಕ್ಕೆ ನೀರು ಸೇರಿ ಲೋಳೆ ಕಟ್ಟಿ ಫಿಲ್ಟರ್ ಬ್ಲಾಕ್ ಆಗುತ್ತೆ. ಇನ್ನು ಅಲ್ಲೇ ವಾಸ ಅಂದ್ರೆ 24 ಗಂಟೆನೂ ಫ್ರಿಜ್, ಪಂಪ್, ಲೈಟು. ಎಂಜಿನ್ ಸ್ಟಾರ್ಟ್ ಮಾಡೋ ಬ್ಯಾಟರಿಗೇ ಎಲ್ಲ ತಗಲಾಕಿದ್ರೆ ಬೆಳಿಗ್ಗೆ ಎಂಜಿನ್ ಏಳಲ್ಲ, ಇವಕ್ಕೆಲ್ಲ ತುಂಬಾ ಹೊತ್ತು ಕರೆಂಟ್ ಕೊಡೋ ಡೀಪ್ ಸೈಕಲ್ ಬ್ಯಾಟರಿ ಬೇರೇನೇ ಇರ್ಲಿ. ಗ್ಯಾಸ್ ಒಲೆ ಇದ್ರಂತೂ ಇನ್ನೂ ಹುಷಾರು, ಲೀಕಾದ ಗ್ಯಾಸ್ ಗಾಳಿಗಿಂತ ಭಾರ, ಬೋಟ್ ತಳದಲ್ಲೇ ಹೋಗಿ ಕೂರುತ್ತೆ, ಒಂದು ಕಿಡಿ ಸಾಕು. ಕರ್ಟನ್ ನಾವಿನ್ನೂ ಹಾಕಿಲ್ಲ.

ಇಂತಿ,
ನಿಮ್ಮ ಓದುಗ