ಕ್ಷಿಪಣಿ ನೌಕೆ ನಮ್ಮದು, ಎಂಜಿನ್ ನಮ್ಮದಾಗುವುದೆಂದು?

ಮಾನ್ಯ ಸಂಪಾದಕರೇ,

ನೌಕಾಪಡೆಗೆ ಹೊಸ ಪೀಳಿಗೆಯ ಆರು ಕ್ಷಿಪಣಿ ನೌಕೆಗಳನ್ನು ಕಟ್ಟಿಕೊಡಲು ರಕ್ಷಣಾ ಸಚಿವಾಲಯವು 2023ರ ಮಾರ್ಚ್ 30ರಂದು ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ 9,805 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. 2027ರ ಮಾರ್ಚ್‌ನಿಂದ ನೌಕೆಗಳ ಹಸ್ತಾಂತರ ಆರಂಭವಾಗಬೇಕು. ಇದು ಹೆಮ್ಮೆಪಡಬೇಕಾದ ವಿಷಯವೇ ಆದರೂ, ಈ ಕುರಿತ ವರದಿಗಳಲ್ಲಿ ಬ್ರಹ್ಮೋಸ್ ಕ್ಷಿಪಣಿಯ ವರ್ಣನೆಯ ನಡುವೆ ಎಂಜಿನ್ನಿನ ಪ್ರಸ್ತಾಪ ಮರೆಯಾಗುತ್ತಿದೆ.

ಶತ್ರುವಿನ ಸಮೀಪಕ್ಕೆ ನುಗ್ಗಿ, ಕ್ಷಿಪಣಿ ಹಾರಿಸಿ, ಪ್ರತಿದಾಳಿಗೆ ಸಿಗದಂತೆ ಹಿಂದಿರುಗುವ ಇಂತಹ ನೌಕೆಗೆ ವೇಗವೇ ರಕ್ಷಾಕವಚ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆರಗಿದ ನಿಪಾತ್, ನಿರ್ಘಾತ್ ಮತ್ತು ವೀರ್ ಸೋವಿಯತ್ ಒಕ್ಕೂಟದಿಂದ ಬಂದವು. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಚಪಲ್ ಕೂಡ ಅದೇ ಬಳಗದ್ದು. ಅದರ ಎರಡೂ ಬದಿಗಳಲ್ಲಿ ಜೋಡಿಸಿರುವ ಕ್ಷಿಪಣಿ ಕೋಶಗಳನ್ನು ಕಂಡವರಿಗೆ, ಅಷ್ಟು ಪುಟ್ಟ ಹಡಗು ಅಷ್ಟು ಭಾರ ಹೊತ್ತು ಓಡಲು ಎಂತಹ ಎಂಜಿನ್ ಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ.

ಮುಂದೆ ಮುಂಬೈನ ಮಜಗಾಂವ್ ಡಾಕ್ ಮತ್ತು ಗೋವಾ ಶಿಪ್‌ಯಾರ್ಡ್‌ಗಳಲ್ಲಿ ವಿಭೂತಿ, ವಿನಾಶ್, ಪ್ರಬಲ್, ಪ್ರಲಯದಂತಹ ನೌಕೆಗಳು ನಿರ್ಮಾಣವಾದವು. ಹಡಗು ಕಟ್ಟುವುದನ್ನು ನಾವು ಕಲಿತೆವು, ಆದರೆ ಅವುಗಳಿಗೆ ವೇಗ ಕೊಡುವ ಎಂಜಿನ್, ಅಂದರೆ ಗ್ಯಾಸ್ ಟರ್ಬೈನ್ ಮಾತ್ರ ಹೊರಗಿನದಾಗಿಯೇ ಉಳಿಯಿತು. 33 ನಾಟ್, ಅಂದರೆ ಗಂಟೆಗೆ ಸುಮಾರು 61 ಕಿಲೋಮೀಟರ್ ವೇಗದಲ್ಲಿ ಸಾಗಬೇಕಾದ ಹೊಸ ನೌಕೆಗಳಿಗೂ ಅಮೆರಿಕದ ಜಿಇ ಸಂಸ್ಥೆಯ ಎಲ್‌ಎಂ2500 ಟರ್ಬೈನುಗಳೇ ಆಧಾರ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಈ ಟರ್ಬೈನುಗಳ ಜೋಡಣೆಯ ಅನುಭವವಿರುವುದು ನಿಜ. ವಿಮಾನವಾಹಕ ನೌಕೆ ವಿಕ್ರಾಂತ್‌ನ ಟರ್ಬೈನುಗಳೂ ಅಲ್ಲಿಯೇ ಜೋಡಣೆಯಾದವು. ಆದರೆ ಬಂದ ಭಾಗಗಳನ್ನು ಜೋಡಿಸುವುದಕ್ಕೂ ಅತಿಯಾದ ಶಾಖ ತಾಳಬಲ್ಲ ಟರ್ಬೈನ್ ಅಲಗನ್ನು ನಾವೇ ತಯಾರಿಸುವುದಕ್ಕೂ ಬಹಳ ಅಂತರವಿದೆ. ರಷ್ಯಾದಲ್ಲಿ ನಿರ್ಮಾಣವಾಗಿ 2024ರಲ್ಲಿ ನಮ್ಮ ಸೇವೆಗೆ ಸೇರಿದ ಯುದ್ಧನೌಕೆ ತುಶಿಲ್‌ಗೆ ಟರ್ಬೈನ್ ಬೇಕಾದದ್ದು ಉಕ್ರೇನ್‌ನಿಂದ. ಆ ಎರಡು ದೇಶಗಳ ವೈಮನಸ್ಯದ ಕಾರಣ ಭಾರತವೇ ಅವನ್ನು ಖರೀದಿಸಿ ರಷ್ಯಾಕ್ಕೆ ತಲುಪಿಸಬೇಕಾಯಿತು.

ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ (ಜಿಟಿಆರ್‌ಇ) ಯುದ್ಧವಿಮಾನಕ್ಕೆಂದು ರೂಪಿಸಿದ ಕಾವೇರಿ ಎಂಜಿನ್ನಿನ ನೌಕಾ ಆವೃತ್ತಿಯು ವಿಶಾಖಪಟ್ಟಣದ ಪರೀಕ್ಷಾಕೇಂದ್ರದಲ್ಲಿ 12 ಮೆಗಾವಾಟ್ ಸಾಮರ್ಥ್ಯವನ್ನು ತೋರಿದೆ. ಎಲ್‌ಎಂ2500 ನೀಡುವ 22 ಮೆಗಾವಾಟ್‌ಗೆ ಹೋಲಿಸಿದರೆ ಇದು ಕಡಿಮೆಯೇ ಸರಿ, ಆದರೆ ಕೈಬಿಡುವಷ್ಟು ಕಡಿಮೆಯಲ್ಲ. ನಿವೃತ್ತಿಗೆ ಸಮೀಪಿಸಿದ ನೌಕೆಯೊಂದನ್ನು ಇದರ ಕಡಲ ಪರೀಕ್ಷೆಗಾಗಿಯೇ ಮೀಸಲಿಡಬೇಕು. ಅದಕ್ಕೆ ಬೇಕಾದ ಹಣ ಮತ್ತು ಕಾಲಮಿತಿಯನ್ನು ರಕ್ಷಣಾ ಸಚಿವಾಲಯವು ಸಂಸತ್ತಿನ ಮುಂದೆ ಸ್ಪಷ್ಟಪಡಿಸಬೇಕು. ಈ ಬೇಡಿಕೆಯನ್ನು ಕರ್ನಾಟಕದ ಸಂಸದರು ಪಕ್ಷಭೇದ ಮರೆತು ಮುಂದಿನ ಅಧಿವೇಶನದಲ್ಲಿ ಎತ್ತಬೇಕೆಂದು ಕೋರುತ್ತೇನೆ.

– ಓದುಗ, ಕಾರವಾರ