ಗೇರ್ ಬಾಕ್ಸಿನ ಎಣ್ಣೆಯ ಬಗ್ಗೆ ದೊಡ್ಡಪ್ಪನ ಪತ್ರ

ಮಂಡ್ಯ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಮೈಸೂರಿನಲ್ಲಿ ನೀನೂ ಕ್ಷೇಮವೆಂದು ನಿನ್ನ ಅಪ್ಪನಿಂದ ತಿಳಿದು ಸಂತೋಷವಾಯಿತು. ನೀನು ಕೊಂಡ ಹಳೆಯ ಕಾರು ಬೆಳಗಿನ ಹೊತ್ತು ಎರಡನೇ ಗೇರಿಗೆ ಬೀಳಲು ಬಿಗಿಯಾಗುತ್ತದೆಂದೂ, ಒಮ್ಮೊಮ್ಮೆ ಕರಕರ ಸದ್ದು ಮಾಡುತ್ತದೆಂದೂ, ಎಣ್ಣೆ ಅಂಗಡಿಯವರು ‘ಜಿಎಲ್-5 ಗೇರ್ ಎಣ್ಣೆ ಹಾಕಿಸಿ, ಅದು ಜಿಎಲ್-4ಕ್ಕಿಂತ ಒಂದು ಮೆಟ್ಟಿಲು ಮೇಲು’ ಎಂದರೆಂದೂ ನೀನು ಫೋನಿನಲ್ಲಿ ಹೇಳಿದ್ದೆ. ಆ ಮಾತು ಕೇಳಿ ಹಾಕಿಸಬೇಡವೆಂದು ನಾನು ಆಗಲೇ ಹೇಳಿದೆನಾದರೂ, ಕಾರಣ ತಿಳಿಯದೆ ಹೋದರೆ ನಾಳೆ ಇನ್ನೊಬ್ಬರು ಅದನ್ನೇ ಗಟ್ಟಿಯಾಗಿ ಹೇಳಿದಾಗ ನೀನು ಒಪ್ಪಿಬಿಡುವೆ. ಆದ್ದರಿಂದ ವಿಷಯವನ್ನು ಬಿಡಿಸಿ ಬರೆಯುತ್ತಿದ್ದೇನೆ, ಸಾವಧಾನವಾಗಿ ಓದು.

ಮೊದಲು ಗೇರ್ ಬಾಕ್ಸಿನೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೋ. ನೀನು ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಎರಡು ಭಾಗಗಳು ಒಂದಕ್ಕೊಂದು ಸೇರಬೇಕು. ಅವುಗಳ ವೇಗವನ್ನು ಸಮ ಮಾಡಲು ನಡುವೆ ಸಿಂಕ್ರೊನೈಸರ್ ಉಂಗುರವೊಂದಿದೆ; ಹೆಚ್ಚಿನ ಕಾರುಗಳಲ್ಲಿ ಅದು ಹಿತ್ತಾಳೆಯದು. ಅದರ ಒಳಮೈಯಲ್ಲಿ ಉಗುರಿನ ತುದಿಗೆ ಮಾತ್ರ ತಾಗುವಷ್ಟು ಸಣ್ಣ ಗೀರುಗಳಿರುತ್ತವೆ. ನೀನು ಲಿವರ್ ಒತ್ತಿದಾಗ ಆ ಗೀರುಗಳು ಎಣ್ಣೆಯ ಪದರವನ್ನು ಕತ್ತರಿಸಿ ಬದಿಗೆ ಸರಿಸುತ್ತವೆ, ಉಂಗುರವು ಗೇರಿನ ಓರೆಯಾದ ಮೈಯನ್ನು ಹಿಡಿಯುತ್ತದೆ, ವೇಗ ಸಮವಾದ ಮೇಲೆ ಹಲ್ಲುಗಳು ಸದ್ದಿಲ್ಲದೆ ಸೇರುತ್ತವೆ. ಹೀಗಾಗಿ ಒಂದೇ ಎಣ್ಣೆಯಿಂದ ಎರಡು ವಿರುದ್ಧ ಕೆಲಸಗಳಾಗಬೇಕು: ಗೇರಿನ ಹಲ್ಲುಗಳ ನಡುವೆ ಅದು ಜಾರಿಕೆ ಕೊಡಬೇಕು, ಉಂಗುರದ ಹತ್ತಿರ ಜಾಗ ಬಿಟ್ಟುಕೊಟ್ಟು ಹಿಡಿತಕ್ಕೆ ಎಡೆಮಾಡಬೇಕು. ಮ್ಯಾನುಯಲ್ ಗೇರ್ ಬಾಕ್ಸಿನ ಎಣ್ಣೆಯನ್ನು ಆರಿಸುವ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಈಗ ಜಿಎಲ್ ಸಂಖ್ಯೆಯ ವಿಚಾರ. ಇದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ ಮಾಡಿದ ವಿಂಗಡಣೆ. ಎಣ್ಣೆಯು ಯಾವ ಬಗೆಯ ಗೇರಿಗೆ, ಎಷ್ಟು ಒತ್ತಡಕ್ಕೆ ತಕ್ಕದ್ದು ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ಶಾಲೆಯ ತರಗತಿಗಳಂತೆ ನಾಲ್ಕು ಪಾಸಾದ ಮೇಲೆ ಐದಕ್ಕೆ ಹೋಗುವ ಲೆಕ್ಕ ಅಲ್ಲಿಲ್ಲ. ಜಿಎಲ್-5 ಎಣ್ಣೆಯನ್ನು ರೂಪಿಸಿರುವುದು ಮುಖ್ಯವಾಗಿ ಹಿಂದಿನ ಆಕ್ಸಲ್‌ನಲ್ಲಿರುವ ಹೈಪಾಯ್ಡ್ ಗೇರಿಗಾಗಿ. ಅಲ್ಲಿ ಪಿನಿಯನ್ ಎಂಬ ಸಣ್ಣ ಗೇರಿನ ನಡುಗೆರೆ ಕ್ರೌನ್ ವೀಲ್ ಎಂಬ ದೊಡ್ಡ ಗೇರಿನ ನಡುಗೆರೆಯಿಂದ ಪಕ್ಕಕ್ಕೆ ಸರಿದಿರುತ್ತದೆಯಾದ್ದರಿಂದ, ಹಲ್ಲುಗಳು ಒಂದರ ಮೇಲೊಂದು ಉರುಳುವುದಷ್ಟೇ ಅಲ್ಲದೆ ಭಾರೀ ಒತ್ತಡದಲ್ಲಿ ಉದ್ದಕ್ಕೂ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡದಲ್ಲಿ ಸಾಧಾರಣ ಎಣ್ಣೆಯ ಪದರ ಹರಿದುಹೋಗುವುದರಿಂದ, ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿ, ಬಿಸಿಯಲ್ಲಿ ಉಕ್ಕಿನ ಮೈಮೇಲೆ ಒಂದು ತೆಳು ರಕ್ಷಣೆ ಕಟ್ಟಿಕೊಳ್ಳುವಂತೆ ಮಾಡುತ್ತಾರೆ. ಜಿಎಲ್-4ರಲ್ಲಿ ಈ ಬೆರಕೆ ಸುಮಾರು ಅರ್ಧದಷ್ಟು ಇರುತ್ತದೆ.

ಉಕ್ಕನ್ನು ಉಳಿಸುವ ಅದೇ ಗಂಧಕ ಬಿಸಿಯಾದಾಗ ಹಿತ್ತಾಳೆಯನ್ನು ತಿನ್ನಬಲ್ಲದು. ಈಚಿನ ಕೆಲವು ಜಿಎಲ್-5 ಎಣ್ಣೆಗಳಲ್ಲಿ ಹಿತ್ತಾಳೆಗೆ ಪೆಟ್ಟಾಗದಂತೆ ತಡೆಯುವ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತಿನ್ನದಿದ್ದರೂ ಜಾರಿಕೆ ಹೆಚ್ಚಾಗಿ ಉಂಗುರ ಹಿಡಿಯಲು ತಡಮಾಡುವ ದೋಷ ಉಳಿಯಬಹುದು, ಆಗ ವೇಗ ಸಮವಾಗುವ ಮೊದಲೇ ಹಲ್ಲುಗಳು ಒಂದಕ್ಕೊಂದು ತಾಗುತ್ತವೆ. ನಿನ್ನ ಕಾರಿನ ಈಗಿನ ತೊಂದರೆಯೇ ಅದಾಗಿರುವಾಗ, ಅದನ್ನು ಹೆಚ್ಚಿಸುವ ಎಣ್ಣೆಯನ್ನು ಮದ್ದೆಂದು ಹಾಕುವುದು ಸರಿಯಲ್ಲ. ಅಲ್ಲದೆ ನಿನ್ನದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ, ಎಂಜಿನ್ ಅಡ್ಡಲಾಗಿ ಕೂತಿರುವ ಸಣ್ಣ ಕಾರು. ಅದರಲ್ಲಿ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರ್ ಬಾಕ್ಸಿನ ಒಳಗೇ ಇದ್ದು ಅದೇ ಎಣ್ಣೆಯನ್ನು ಹಂಚಿಕೊಳ್ಳುತ್ತದೆ, ಹೈಪಾಯ್ಡ್ ಹಲ್ಲುಗಳು ಅಲ್ಲಿ ಇಲ್ಲವೇ ಇಲ್ಲ.

ಊರಿನ ಮನೆಯ ಪಿಕಪ್ ಗಾಡಿಯ ಮಾತು ಬೇರೆ. ಅದರ ಗೇರ್ ಬಾಕ್ಸ್ ಮುಂದಿದೆ, ಹೈಪಾಯ್ಡ್ ಹಲ್ಲುಗಳ ಕ್ರೌನ್ ಹಿಂದಿನ ಆಕ್ಸಲ್ಲಿನಲ್ಲಿದೆ, ಎರಡಕ್ಕೂ ಬೇರೆ ಬೇರೆ ಎಣ್ಣೆ. ಸರ್ವಿಸಿಗೆ ಬಿಟ್ಟಾಗ ಒಂದೇ ಡಬ್ಬಿಯಿಂದ ಎರಡಕ್ಕೂ ಸುರಿಯದಂತೆ ನಿನ್ನ ಅಪ್ಪನಿಗೂ ಹೇಳು. ಕ್ರೌನಿಗೆ ಜಿಎಲ್-4 ಹಾಕಿ, ಮೇಲುಕೋಟೆ ಬೆಟ್ಟವನ್ನು ಲೋಡಿನೊಂದಿಗೆ ಹತ್ತಿಸಿದರೆ ಆ ಹಲ್ಲುಗಳು ಗೀರುಬಿದ್ದು ಕೂಗಲು ಶುರುವಾಗುತ್ತವೆ.

ಇನ್ನು ದಪ್ಪದ ಲೆಕ್ಕ. ನಮ್ಮ ಕಡೆ ಎಲ್ಲರೂ ‘ನೈಂಟಿ ಆಯಿಲ್’ ಎನ್ನುತ್ತಾರೆ, ಅದನ್ನು ಕೇಳಿದವರು ಎಂಜಿನ್ನಿನ 40ನೇ ನಂಬರಿನ ಎಣ್ಣೆಗಿಂತ ಇದು ಎರಡರಷ್ಟು ಗಟ್ಟಿ ಎಂದುಕೊಳ್ಳುತ್ತಾರೆ. ಎಂಜಿನ್ ಎಣ್ಣೆಯ ಅಳತೆಗೋಲು ಬೇರೆ, ಗೇರ್ ಎಣ್ಣೆಯ ಅಳತೆಗೋಲು ಬೇರೆ. 100 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗೇರ್ ಎಣ್ಣೆಯ 90 ಎಂದರೆ ದಪ್ಪದ ಅಳತೆಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್‌ನೊಳಗೆ ಬರುತ್ತದೆ, ಎಂಜಿನ್ ಎಣ್ಣೆಯ 40 ಮತ್ತು 50 ಸಹ ಹೆಚ್ಚುಕಡಿಮೆ ಅಲ್ಲಿಯೇ ನಿಲ್ಲುತ್ತವೆ. 75ಡಬ್ಲ್ಯೂ-90 ಮತ್ತು 80ಡಬ್ಲ್ಯೂ-90 ಎಂಬ ಎಣ್ಣೆಗಳಲ್ಲಿ ಡಬ್ಲ್ಯೂ ಜೊತೆಗಿನ ಸಂಖ್ಯೆ ಚಳಿಯದು, ಕೊನೆಯದು ಬಿಸಿಯದು; ಹೀಗಾಗಿ ಬಿಸಿಯಾದಾಗ ಎರಡೂ ಒಂದೇ ವರ್ಗದವು, ತಣ್ಣಗಿರುವಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. 75ಡಬ್ಲ್ಯೂ ಮೈನಸ್ 40 ಡಿಗ್ರಿಯವರೆಗೂ, 80ಡಬ್ಲ್ಯೂ ಮೈನಸ್ 26ರವರೆಗೂ ಹರಿಯಬೇಕೆಂಬುದು ನಿಯಮ. ಮೈಸೂರಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು ಎಂದು ನೀನು ಕೇಳಬಹುದು. ಬರುವುದಿಲ್ಲ, ಆದರೆ ಧನುರ್ಮಾಸದ ಬೆಳಗಿನಲ್ಲಿ ರಾತ್ರಿಯೆಲ್ಲ ಹೊರಗೆ ನಿಂತ ಕಾರಿನ ಎಣ್ಣೆ 75ಡಬ್ಲ್ಯೂ ಆಗಿದ್ದರೆ ಸ್ವಲ್ಪ ತೆಳುವಾಗಿದ್ದು ಉಂಗುರದ ಗೀರುಗಳಿಂದ ಬೇಗ ಸರಿಯುತ್ತದೆ, ಮೊದಲ ಒಂದೆರಡು ಕಿಲೋಮೀಟರಿನ ಬಿಗಿತ ಕಡಿಮೆಯಾಗುತ್ತದೆ. ಹಾಗೆಂದು ಕಂಪನಿಯವರು 75ಡಬ್ಲ್ಯೂ-80 ಎಂದು ಬರೆದಿರುವ ಕಡೆ, ಗಾಡಿ ಹಳೆಯದಾಯಿತೆಂಬ ನೆಪದಲ್ಲಿ 90 ಅಥವಾ 140 ಹಾಕಿಸಬೇಡ. ದಪ್ಪ ಎಣ್ಣೆ ಸವೆದ ಬೇರಿಂಗಿನ ಸದ್ದನ್ನು ಕೆಲಕಾಲ ಅಡಗಿಸೀತು, ಗೇರ್ ಬೀಳುವುದನ್ನು ಇನ್ನೂ ಕಷ್ಟವಾಗಿಸುತ್ತದೆ.

ಆದ್ದರಿಂದ ಕಾರಿನ ಜೊತೆ ಬಂದ ಕೈಪಿಡಿಯನ್ನು ತೆಗೆದು, ಕೊನೆಯ ಪುಟಗಳಲ್ಲಿ ಗೇರ್ ಬಾಕ್ಸಿಗೆ ಯಾವ ಜಿಎಲ್, ಯಾವ ದಪ್ಪ, ಎಷ್ಟು ಲೀಟರ್ ಎಂದು ಬರೆದಿದೆಯೋ ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗು. ಮೂರೂ ಬೇಕು, ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು. ಹೋಂಡಾದಂಥ ಕೆಲವು ಕಂಪನಿಗಳು ಎಂಟಿಎಫ್ ಎಂಬ ತಮ್ಮದೇ ಮ್ಯಾನುಯಲ್ ಗೇರ್ ಬಾಕ್ಸಿನ ಎಣ್ಣೆಯನ್ನು ಹೇಳುತ್ತವೆ, ಕೆಲವು ಗೇರ್ ಬಾಕ್ಸುಗಳಿಗೆ ಆಟೋಮ್ಯಾಟಿಕ್ ಗಾಡಿಗಳ ಎಟಿಎಫ್ ಎಣ್ಣೆಯನ್ನೇ ಹಾಕಬೇಕಾಗುತ್ತದೆ. ಬಣ್ಣ ನೋಡಿಯಾಗಲಿ ಗಂಧಕದ ವಾಸನೆ ನೋಡಿಯಾಗಲಿ ಎಣ್ಣೆಯ ಜಾತಿ ಹೇಳಲು ಬರುವುದಿಲ್ಲ, ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನೇ ಓದಬೇಕು. ಗೇರ್ ನಯವಾಗುತ್ತದೆಂದು ಮೇಲಿಂದ ಬೆರೆಸುವ ಸಣ್ಣ ಬಾಟಲಿಗಳನ್ನು ತರಲೇಬೇಡ.

ಎಣ್ಣೆ ಬದಲಿಸುವಾಗ ನೀನೇ ಹತ್ತಿರ ನಿಂತು ನೋಡು. ಒಂದಷ್ಟು ದೂರ ಓಡಿಸಿ ಎಣ್ಣೆ ಬಿಸಿಯಾದ ಮೇಲೆ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಮೊದಲು ಮೇಲಿನ ತುಂಬುವ ಬೋಲ್ಟನ್ನೇ ಬಿಚ್ಚಿಸು. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಸುರಿದ ನಂತರ ಮೇಲಿನದು ತುಕ್ಕು ಹಿಡಿದು ತಿರುಗದೆ ಹೋದರೆ, ಗಾಡಿ ನಿಂತಲ್ಲೇ ನಿಲ್ಲಬೇಕಾಗುತ್ತದೆ. ಕೆಳಗಿನ ಬೋಲ್ಟಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದನ್ನು ಬೆರಳಿನಿಂದ ಸವರಿ ನೋಡು. ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ ಅದು ಸಹಜ ಸವೆತ. ಉಗುರಿಗೆ ಚುಚ್ಚುವ ಚೂರುಗಳು ಸಿಕ್ಕರೆ ಹಲ್ಲು ಮುರಿದಿರಬಹುದು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲವಾದ್ದರಿಂದ, ಸುರಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ಅದರಲ್ಲಿ ಚಿನ್ನದ ಪುಡಿಯಂತೆ ಹೊಳೆಯುವ ಕಣಗಳಿವೆಯೇ ನೋಡಬೇಕು. ಅವು ಹೇರಳವಾಗಿದ್ದರೆ ಸಿಂಕ್ರೊನೈಸರ್ ಉಂಗುರಗಳು ಸವೆದಿವೆ ಎಂದರ್ಥ, ಸವೆದ ಉಂಗುರವನ್ನು ಯಾವ ಎಣ್ಣೆಯೂ ಮರಳಿ ಬೆಳೆಸಲಾರದು. ಹೊಸ ವಾಷರ್ ಹಾಕಿಸಿ, ತುಂಬುವ ರಂಧ್ರದ ಅಂಚಿಗೆ ಎಣ್ಣೆ ಬರುವವರೆಗೆ ಮಾತ್ರ ತುಂಬಿಸು. ಹೆಚ್ಚಾದರೆ ನೊರೆಗಟ್ಟಿ ಸೀಲುಗಳಿಂದ ಹೊರಬರುತ್ತದೆ.

ನಮ್ಮ ಟ್ರ್ಯಾಕ್ಟರಿನ ಎಣ್ಣೆಯನ್ನೂ ಕಾರಿಗೆ ಬಳಸಬಹುದೇ ಎಂದು ನಿನ್ನ ತಮ್ಮ ಕೇಳಿದ್ದ. ಸಾಧ್ಯವಿಲ್ಲ. ಎಣ್ಣೆಯಲ್ಲಿ ಮುಳುಗಿದ ಬ್ರೇಕಿರುವ ಟ್ರ್ಯಾಕ್ಟರಿನಲ್ಲಿ ಗೇರು, ಹೈಡ್ರಾಲಿಕ್, ಬ್ರೇಕು ಮೂರಕ್ಕೂ ಒಂದೇ ಎಣ್ಣೆ ಇದ್ದು, ಅದನ್ನು ಯುಟಿಟಿಓ ಎನ್ನುತ್ತಾರೆ. ಅದು ಇದಕ್ಕಾಗದು, ಇದು ಅದಕ್ಕಾಗದು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಕೆಸರು ಉಳುವಾಗ ನೀರು ಒಳಹೊಕ್ಕು ಆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ, ಅವಧಿ ಆಗಿಲ್ಲವೆಂದು ಕಾಯದೆ ಕೂಡಲೇ ಬದಲಿಸುವಂತೆ ಅವನಿಗೆ ತಿಳಿಸು.

ಹಳೆಯ ಮಾಲೀಕರು ಏನು ಹಾಕಿಸಿದ್ದರೆಂದು ನಿನಗೆ ಗೊತ್ತಿಲ್ಲವಾದ್ದರಿಂದ, ಈಗ ಕೈಪಿಡಿಯಂತೆ ಹೊಸ ಎಣ್ಣೆ ಹಾಕಿಸಿ ತಿಂಗಳೊಂದು ಓಡಿಸಿ ನೋಡು. ಆಮೇಲೂ ಎರಡನೇ ಗೇರು ಹಟಮಾಡಿದರೆ ಗೇರ್ ಬಾಕ್ಸ್ ಇಳಿಸಲು ಯಾರಿಗೂ ಒಪ್ಪಿಗೆ ಕೊಡಬೇಡ. ಪೆಡಲ್ ಒತ್ತಿದಾಗ ಕ್ಲಚ್ ಎಂಜಿನ್ನಿನಿಂದ ಪೂರ್ತಿ ಬಿಡದಿದ್ದರೂ ಇದೇ ಸದ್ದು ಬರುತ್ತದೆ, ಅದಕ್ಕೆ ಕೇಬಲ್ ಬಿಗಿಮಾಡಿದರೆ ಸಾಕಾಗಬಹುದು. ಭಾನುವಾರ ಬಿಡುವು ಮಾಡಿಕೊಂಡು ಕಾರನ್ನು ಮಂಡ್ಯಕ್ಕೆ ತೆಗೆದುಕೊಂಡು ಬಾ, ಪೆಡಲ್ ಎಷ್ಟು ಆಡುತ್ತದೆಂದು ನಾನೇ ನೋಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ