ವೀರ್ಯ ಪರೀಕ್ಷೆ ತರಬೇತಿ: ಸರ್ಟಿಫಿಕೇಟ್ ಬಂತು, ಎಣಿಕೆ ಬರಲಿಲ್ಲ

ಇವರಿಗೆ,
ತರಬೇತಿ ವಿಭಾಗದ ಮುಖ್ಯಸ್ಥರು

ವಿಷಯ: ಎರಡು ದಿನದ ವೀರ್ಯ ಪರೀಕ್ಷೆ ತರಬೇತಿಯ ಬಗ್ಗೆ ದೂರು

ಮಾನ್ಯರೇ,

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಲ್ಯಾಬ್ ಇದೆ. ಕಳೆದ ತಿಂಗಳು ನಮ್ಮ ಇಬ್ಬರು ಟೆಕ್ನಿಷಿಯನ್ನರನ್ನು ಬೆಂಗಳೂರಿನ ನಿಮ್ಮ ತರಬೇತಿಗೆ ಕಳಿಸಿದ್ದೆ. 'ಪ್ರತಿಯೊಬ್ಬರಿಗೂ ಕೈಯಾರೆ ಅಭ್ಯಾಸ' ಅಂತ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದಿರಿ. ಅಲ್ಲಿ ನೋಡಿದರೆ 30 ಜನಕ್ಕೆ ಎರಡೇ ಮೈಕ್ರೋಸ್ಕೋಪ್. ಸರದಿ ಬಂದಾಗ ಇಣುಕಿ ನೋಡಿ ಎದ್ದು ಬರಬೇಕು. ಮಿಕ್ಕ ಹೊತ್ತೆಲ್ಲ ಪಾಠ.

ವಾಪಸ್ ಬಂದ ಮೇಲೆ ಒಂದೇ ಸ್ಯಾಂಪಲ್ಲನ್ನು ಇಬ್ಬರಿಗೂ ಕೊಟ್ಟೆ. ಒಬ್ಬರಿಗೆ ಒಂದು ಎಂಎಲ್‌ಗೆ 11 ಮಿಲಿಯನ್ ವೀರ್ಯಾಣು ಬಂತು, ಇನ್ನೊಬ್ಬರಿಗೆ 24. ಪಕ್ಕದಲ್ಲೇ ನಿಂತು ನೋಡಿದೆ. ನ್ಯೂಬಾರ್ ಚೇಂಬರ್ (ಎಣಿಸೋಕೆ ಚೌಕದ ಗೆರೆ ಹಾಕಿದ ಗಾಜು) ಮೇಲೆ ಕವರ್ ಸ್ಲಿಪ್, ಅಂದರೆ ಮುಚ್ಚುವ ತೆಳು ಗಾಜನ್ನು, ಸುಮ್ನೆ ಇಟ್ಟಿದ್ದರು. ಒತ್ತಿ ಸರಿಯಾಗಿ ಕೂರಿಸಿದರೆ ಎರಡು ಗಾಜಿನ ನಡುವೆ ಕಾಮನಬಿಲ್ಲಿನಂಥ ಬಣ್ಣದ ಗೆರೆ ಕಾಣಬೇಕು. ಒಳಗಿನ ಆಳ 0.1 ಮಿ.ಮೀ. ಇದೆ ಅಂತ ಆಗಲೇ ಗೊತ್ತಾಗೋದು. ಆ ಗೆರೆಯ ಮಾತನ್ನೇ ನಿಮ್ಮಲ್ಲಿ ಯಾರೂ ಎತ್ತಲಿಲ್ಲವಂತೆ. ಎಣಿಸಿದ್ದೂ 50 ವೀರ್ಯಾಣು ಅಷ್ಟೇ. ಕನಿಷ್ಠ 200 ಎಣಿಸಬೇಕು, ಅದೂ ಎರಡು ಸಲ. ಎರಡೂ ತಾಳೆಯಾಗದಿದ್ದರೆ ಮತ್ತೆ ಮೊದಲಿಂದ. 50ಕ್ಕೇ ನಿಲ್ಲಿಸಿದರೆ ಎಣಿಕೆಯಲ್ಲೇ ಸುಮಾರು ಶೇ 14ರಷ್ಟು ಏರುಪೇರು ಬರುತ್ತೆ, 200ಕ್ಕೆ ಹೋದರೆ ಶೇ 7ಕ್ಕೆ ಇಳಿಯುತ್ತೆ.

ನೋಟ್ಸ್ ನೋಡಿ ಇನ್ನೂ ಬೇಜಾರಾಯಿತು. ಒಂದು ಎಂಎಲ್‌ಗೆ ವೀರ್ಯಾಣುಗಳ ಕನಿಷ್ಠ ಮಿತಿ 20 ಮಿಲಿಯನ್ ಅಂತಿದೆ. ಅದು ವಿಶ್ವ ಆರೋಗ್ಯ ಸಂಸ್ಥೆಯ 1999ರ ಕೈಪಿಡಿಯದ್ದು! 2010ರಲ್ಲಿ 15 ಆಯಿತು, 2021ರಲ್ಲಿ 16. ಅದೂ ಬಂಜೆತನಕ್ಕೆ ಎಳೆದ ಗೆರೆಯಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸಿರಾದ ಗಂಡಸರಲ್ಲೂ ನೂರಕ್ಕೆ ಐದು ಜನ ಆ ಗೆರೆಗಿಂತ ಕೆಳಗಿರುತ್ತಾರೆ. ಇದನ್ನು ಹೇಳಿಕೊಡದಿದ್ದರೆ ಟೆಕ್ನಿಷಿಯನ್ನರು ಕೌಂಟರಿನಲ್ಲೇ "ಕೌಂಟ್ ಕಮ್ಮಿ ಇದೆ ಸಾರ್" ಅಂದುಬಿಡುತ್ತಾರೆ. ಆಮೇಲೆ ಆ ಮನೆಯಲ್ಲಿ ಏನೇನಾಗುತ್ತೆ ಅಂತ ನಿಮಗೂ ಗೊತ್ತು ಅಲ್ವಾ?

ವೀರ್ಯಾಣುಗಳ ಚಲನೆಯನ್ನು 37 ಡಿಗ್ರಿ ಸೆಲ್ಸಿಯಸ್‌ನಲ್ಲೇ ನೋಡಬೇಕು ಅನ್ನೋದನ್ನು ಮಾತ್ರ ನಿಮ್ಮ ಮೇಡಂ ಚೆನ್ನಾಗಿ ತಲೆಗೆ ಹತ್ತಿಸಿದ್ದಾರೆ. ಅದನ್ನು ಒಪ್ಪುತ್ತೇನೆ.

ನನಗೆ ದುಡ್ಡು ವಾಪಸ್ ಬೇಡ. ಇಬ್ಬರಿಗೂ ಇನ್ನೊಮ್ಮೆ, ಶುಲ್ಕವಿಲ್ಲದೆ, ಒಬ್ಬರಿಗೊಂದು ಮೈಕ್ರೋಸ್ಕೋಪ್ ಕೊಟ್ಟು ಕಲಿಸಿ. ಒಂದೇ ಸ್ಯಾಂಪಲ್ಲನ್ನು ನಿಮ್ಮ ಅನುಭವಿಗಳೂ ಎಣಿಸಲಿ, ಇವರೂ ಎಣಿಸಲಿ. ತಾಳೆಯಾದ ಮೇಲೆ ಸರ್ಟಿಫಿಕೇಟ್ ಕೊಡಿ. ಈಗ ಕೊಟ್ಟಿರೋ ಎರಡನ್ನೂ ಈ ಪತ್ರದ ಜೊತೆ ವಾಪಸ್ ಕಳಿಸುತ್ತಿದ್ದೇನೆ. 15 ದಿನದೊಳಗೆ ತಾರೀಖು ತಿಳಿಸಿ, ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕಾಗುತ್ತೆ. ಅಲ್ಲಿವರೆಗೆ ಈ ಪರೀಕ್ಷೆಗೆ ಬಂದವರನ್ನು ಬೇರೆ ಲ್ಯಾಬಿಗೆ ಕಳಿಸುತ್ತಿದ್ದೇನೆ.

ಇಂತಿ,
ಲ್ಯಾಬ್ ಮಾಲೀಕ, ದಾವಣಗೆರೆ